ಕಂಪನಿಯ ರಶೀತಿ ಬೇರೆ, ಗುತ್ತಿಗೆದಾರನ ಬಿಲ್ಲು ಬೇರೆ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಕೆರೆಗಳ ನಾಡು. ತೂಬು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಮೊದಲು ನೀರು, ಯಾರಿಗೆ ಆಮೇಲೆ ಎಂಬ ಲೆಕ್ಕ ಇಲ್ಲಿನ ರೈತರಿಗೆ ತಲೆತಲಾಂತರದಿಂದ ಬಂದದ್ದು. ಆ ಲೆಕ್ಕ ತಪ್ಪಿದರೆ ಊರಿನ ಹಿರಿಯರು ಕೂತು ಸರಿಪಡಿಸುವ ರೂಢಿಯೂ ಇತ್ತು. ಗದ್ದೆಗಳು ಅಡಿಕೆ ತೋಟಗಳಾಗುತ್ತ, ಕೆರೆಯ ನೀರಿನ ಜೊತೆಗೆ ಕೊಳವೆ ಬಾವಿಯನ್ನೂ ನಂಬಬೇಕಾಗಿ ಬಂದ ಮೇಲೆ ರೈತನ ತಲೆಗೆ ಹೊಸ ಲೆಕ್ಕವೊಂದು ಬಂದಿದೆ. ಅದು ಕರೆಂಟಿನ ಲೆಕ್ಕ. ಈ ಲೆಕ್ಕದಲ್ಲಿ ತಪ್ಪಾದರೆ ಎಲ್ಲಿ ಕೂತು ಸರಿಪಡಿಸಿಕೊಳ್ಳಬೇಕೆಂಬುದು ಬಹಳ ಜನಕ್ಕೆ ತಿಳಿದಿಲ್ಲ.

ಕೃಷಿ ಪಂಪ್‌ಸೆಟ್ಟುಗಳಿಗೆ 10 ಎಚ್.ಪಿ. ತನಕ 2008ರ ಆಗಸ್ಟ್‌ನಿಂದ ಕರೆಂಟು ಉಚಿತವಾಗಿದೆ. ಉಚಿತವಾದದ್ದು ಯೂನಿಟ್ಟಿನ ಬೆಲೆ ಮಾತ್ರ. ಮೀಟರ್ ಬೋರ್ಡು, ಮೇನ್ ಸ್ವಿಚ್ಚು, ಸ್ಟಾರ್ಟರು, ಕೆಪಾಸಿಟರು, ಅರ್ತಿಂಗು ಇವು ಯಾವುವೂ ಉಚಿತವಲ್ಲ. ಹೊಸ ಸಂಪರ್ಕ ಬೇಕೆಂದಾಗ, ಮೋಟಾರಿನ ಎಚ್.ಪಿ. ಹೆಚ್ಚಿಸಬೇಕೆಂದಾಗ, ಹಳೆಯ ಬೋರ್ಡು ಅಪಾಯಕಾರಿಯೆಂದು ಕಂಪನಿಯವರು ಹೇಳಿದಾಗ ಇವೆಲ್ಲ ಹೊಸದಾಗಿ ಆಗಬೇಕು. ಆ ಕೆಲಸ ಮಾಡುವವನು ಗುತ್ತಿಗೆದಾರ, ಮಾಡಿಸಿಕೊಳ್ಳುವವನು ರೈತ, ಹೀಗೇ ಆಗಬೇಕೆಂದು ಹೇಳುವವರು ಮೆಸ್ಕಾಂ ಕಚೇರಿಯವರು. ಮೂವರ ನಡುವೆ ಒಂದು ಕಾಗದವೂ ಇಲ್ಲದಿದ್ದಾಗ ಜಗಳ ಹುಟ್ಟುತ್ತದೆ.

ಒಂದು ಉದಾಹರಣೆಯನ್ನು ಇಟ್ಟುಕೊಂಡು ನೋಡೋಣ. ಅಂಕಿಗಳು ಲೆಕ್ಕದ ಅನುಕೂಲಕ್ಕೆ ಮಾತ್ರ. ರೈತನೊಬ್ಬನ ಬಾವಿಯಲ್ಲಿ ನೀರು ಆಳಕ್ಕೆ ಇಳಿದಿದೆ. 5 ಎಚ್.ಪಿ. ಮೋಟಾರು ಸಾಲದೆ 7.5 ಎಚ್.ಪಿ. ಹಾಕಬೇಕಾಗಿದೆ. ಕಚೇರಿಗೆ ಹೋದರೆ ‘ಹಳೆಯ ಬೋರ್ಡು ನಡೆಯುವುದಿಲ್ಲ, ಬದಲಿಸಿಕೊಂಡು ಬನ್ನಿ’ ಎಂದರು. ಗುತ್ತಿಗೆದಾರ ಬಂದು ನೋಡಿ ‘ಎಲ್ಲ ಸೇರಿ 40,000 ರೂಪಾಯಿ’ ಎಂದ. ರೈತ 25,000 ಮುಂಗಡ ಕೊಟ್ಟ. ಬೋರ್ಡು ಏರಿತು, ಸ್ಟಾರ್ಟರು ಕೂತಿತು. ಪರೀಕ್ಷೆಗೆ ಬಂದವರು ‘ಅರ್ತಿಂಗು ಒಂದೇ ಇದೆ, ಇನ್ನೊಂದು ಆಗಬೇಕು’ ಎಂದರು. ಗುತ್ತಿಗೆದಾರ ಅದಕ್ಕೆ ಬೇರೆ 8,000 ಕೇಳಿದ. ‘ಎಲ್ಲ ಸೇರಿ ಎಂದಿದ್ದೆಯಲ್ಲ’ ಎಂದು ರೈತ. ‘ಅರ್ತಿಂಗಿನ ಮಾತು ಆಗಲೇ ಇಲ್ಲವಲ್ಲ’ ಎಂದು ಗುತ್ತಿಗೆದಾರ. ರೈತ ಉಳಿದ 15,000ವನ್ನು ಹಿಡಿದಿಟ್ಟ. ಗುತ್ತಿಗೆದಾರ ಕೆಲಸ ಮುಗಿದ ವರದಿಗೆ ಸಹಿ ಹಾಕದೆ ಕೂತ. ವರದಿಯಿಲ್ಲದೆ ಕಚೇರಿಯವರು ಕರೆಂಟು ಕೊಡರು. ಮಾರ್ಚಿ ತಿಂಗಳ ಬಿಸಿಲಿನಲ್ಲಿ ತೋಟ ಒಣಗಿತು.

ಈ ಜಗಳದಲ್ಲಿ ಮೋಸಗಾರರು ಯಾರು? ಬಹುಶಃ ಯಾರೂ ಅಲ್ಲ. ರೈತ ತಾನು ಕೇಳಿದ ಮಾತನ್ನು ನೆನಪಿಟ್ಟುಕೊಂಡಿದ್ದಾನೆ, ಗುತ್ತಿಗೆದಾರ ತಾನು ಆಡಿದ ಮಾತನ್ನು. ಇಬ್ಬರ ನೆನಪೂ ಬೇರೆ ಬೇರೆ. ನಷ್ಟ ಮಾತ್ರ ತೋಟದ್ದು. ಆದುದರಿಂದ ಯಾರು ಒಳ್ಳೆಯವರು, ಯಾರು ಕೆಟ್ಟವರು ಎಂಬ ಚರ್ಚೆಗಿಂತ ಎಲ್ಲೆಲ್ಲಿ ಕಾಗದ ಇರಬೇಕಾಗಿತ್ತು ಎಂಬುದನ್ನು ವಿಚಾರ ಮಾಡುವುದು ಹೆಚ್ಚು ಉಪಯುಕ್ತ.

ಗಡಿ ಎಲ್ಲಿದೆ?

ಹೊಲಕ್ಕೆ ಬದು ಇರುವಂತೆ ಕರೆಂಟಿಗೂ ಒಂದು ಗಡಿ ಇದೆ. ಕಂಬದಿಂದ ಬರುವ ಸರ್ವಿಸ್ ತಂತಿ ಮತ್ತು ಮೀಟರಿನ ತನಕ ಕಂಪನಿಯ ಸ್ವಾಧೀನ. ಮೀಟರಿನಿಂದ ಆಚೆ ಇರುವ ಮೇನ್ ಸ್ವಿಚ್ಚು, ಬೋರ್ಡು, ಸ್ಟಾರ್ಟರು, ಮೋಟಾರು, ಅರ್ತಿಂಗು ಗ್ರಾಹಕನವು. ಮೀಟರಿಲ್ಲದ ಹಳೆಯ ಪಂಪ್‌ಸೆಟ್ಟುಗಳಲ್ಲಿ ಸರ್ವಿಸ್ ತಂತಿ ಬಂದು ಸೇರುವ ಕಟೌಟನ್ನೇ ಗಡಿಯೆಂದು ತಿಳಿಯಬಹುದು.

ಈ ಗಡಿ ತಿಳಿದಿದ್ದರೆ ಅರ್ಧ ಜಗಳ ಕಡಿಮೆಯಾಗುತ್ತದೆ. ಗಡಿಯಿಂದ ಈಚೆಗೆ, ಅಂದರೆ ಕಂಪನಿಯ ಕಡೆಗೆ ಸಲ್ಲಬೇಕಾದ ಡಿಪಾಸಿಟ್ಟು, ನೋಂದಣಿ ಶುಲ್ಕ, ಮೇಲ್ವಿಚಾರಣೆಯ ಶುಲ್ಕ ಯಾವುದೇ ಇರಲಿ, ಅದಕ್ಕೆ ಕಂಪನಿಯ ಛಾಪಿಸಿದ ರಶೀತಿ ಬರಬೇಕು. ಗಡಿಯಿಂದ ಆಚೆಗಿನ ಕೆಲಸದ ಹಣಕ್ಕೆ ಗುತ್ತಿಗೆದಾರನ ಬಿಲ್ಲು ಬರಬೇಕು. ‘ಆಫೀಸಿನದನ್ನೂ ಸೇರಿಸಿಯೇ ಹೇಳಿದ್ದೇನೆ, ಎಲ್ಲ ನಾನೇ ನೋಡಿಕೊಳ್ಳುತ್ತೇನೆ’ ಎಂಬ ಮಾತಿಗೆ ತಲೆದೂಗಬಾರದು. ಹಾಗೆ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ ಮೇಲೆ ಯಾವ ರೂಪಾಯಿ ಎಲ್ಲಿಗೆ ಹೋಯಿತೆಂದು ಬಿಚ್ಚಿ ನೋಡುವುದು ಯಾರಿಂದಲೂ ಆಗದು. ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ ಎಂಬ ಗಾದೆ ಇಂಥ ಕಡೆಯೇ ನಿಜವಾಗುವುದು. ಕಂಪನಿಯ ಹಣವನ್ನು ಗುತ್ತಿಗೆದಾರನ ಕೈಯಲ್ಲೇ ಕಟ್ಟಿಸುವುದಾದರೂ ರಶೀತಿ ರೈತನ ಹೆಸರಿನಲ್ಲಿರಬೇಕು, ಅದೇ ದಿನ ಕೈಗೆ ಬರಬೇಕು.

ಗಡಿಯ ಈಚೆಗೂ ರೈತನ ಹಣದಿಂದ ಗುತ್ತಿಗೆದಾರ ಕೆಲಸ ಮಾಡುವ ಸಂದರ್ಭ ಒಂದುಂಟು. ಕಂಬ, ತಂತಿ, ಟಿ.ಸಿ. ಹಾಕುವ ಕೆಲಸವನ್ನು ರೈತನೇ ಖರ್ಚು ಭರಿಸಿ, ಕಂಪನಿಯ ಮೇಲ್ವಿಚಾರಣೆಯಲ್ಲಿ ಮಾಡಿಸಿಕೊಳ್ಳುವುದೇ ಅದು. ಅಕ್ರಮ-ಸಕ್ರಮದ ಹಳೆಯ ವ್ಯವಸ್ಥೆಯನ್ನು ನಿಲ್ಲಿಸಿ, ಹೊಸ ಪಂಪ್‌ಸೆಟ್ಟುಗಳ ಈ ಖರ್ಚನ್ನು ರೈತರೇ ಹೊರಬೇಕೆಂದು ರಾಜ್ಯ ಸರ್ಕಾರ 2023ರ ಸೆಪ್ಟೆಂಬರ್‌ನಲ್ಲಿ ಆದೇಶ ಮಾಡಿತು. ರೈತ ಸಂಘಟನೆಗಳು ಇದನ್ನು ವಿರೋಧಿಸಿದವು. ಆ ಆದೇಶದ ಸರಿತಪ್ಪುಗಳು ಹಾಗಿರಲಿ, ಅದರ ಒಂದು ಪರಿಣಾಮ ಸ್ಪಷ್ಟ. ಗುತ್ತಿಗೆದಾರನ ಕೈಗೆ ಹೋಗುವ ರೈತನ ಹಣದ ಮೊತ್ತ ಹಿಂದಿಗಿಂತ ಎಷ್ಟೋ ದೊಡ್ಡದಾಗಿದೆ. ಇಂಥ ಕೆಲಸಕ್ಕೆ ಕಂಪನಿಯವರು ಮಂಜೂರು ಮಾಡಿದ ಅಂದಾಜು ಪಟ್ಟಿ ಇರುತ್ತದೆ. ಅದರ ನಕಲನ್ನು ರೈತ ಪಡೆದು, ಎಷ್ಟು ಕಂಬ, ಎಷ್ಟು ಉದ್ದದ ತಂತಿ, ಎಷ್ಟು ಶಕ್ತಿಯ ಟಿ.ಸಿ. ಎಂಬುದನ್ನು ಗುತ್ತಿಗೆದಾರನ ದರಪಟ್ಟಿಯ ಪಕ್ಕದಲ್ಲಿಟ್ಟು ಓದಬೇಕು. ಕೆಲಸ ಮುಗಿದು ಕಂಪನಿಗೆ ಒಪ್ಪಿಸಿದ ಮೇಲೆ ಆ ಲೈನು ಕಂಪನಿಯದೇ ಆಗುತ್ತದೆ. ಅದರ ಮುಂದಿನ ದುರಸ್ತಿಯ ಹೆಸರಿನಲ್ಲಿ ಗುತ್ತಿಗೆದಾರನಾಗಲಿ, ಮತ್ತೊಬ್ಬರಾಗಲಿ ರೈತನಿಂದ ಹಣ ಕೇಳಲು ಕಾರಣವಿಲ್ಲ.

ಕೊರತೆಯನ್ನು ಬರೆದು ಕೊಡಲಿ

ಕಚೇರಿಯವರು ಬೋರ್ಡು ಬದಲಿಸಿ ಎಂದರೆ ರೈತ ಸುಮ್ಮನೆ ತಲೆಯಾಡಿಸಿ ಬರುವುದೇ ಹೆಚ್ಚು. ‘ಆಫೀಸಿನವರು ಹೇಳಿದ್ದಾರೆ’ ಎಂಬ ಒಂದೇ ಮಾತಿನ ಮೇಲೆ ಗುತ್ತಿಗೆದಾರ ದರ ಹೇಳುತ್ತಾನೆ. ಆಫೀಸಿನವರು ನಿಜವಾಗಿ ಏನು ಹೇಳಿದರು, ಎಷ್ಟು ಹೇಳಿದರು ಎಂಬುದಕ್ಕೆ ದಾಖಲೆಯೇ ಇರುವುದಿಲ್ಲ.

ಕಾನೂನು ಹೀಗೆ ಇಲ್ಲ. ಗ್ರಾಹಕನ ವೈರಿಂಗು ಅಪಾಯಕಾರಿಯೆಂದು ಪರೀಕ್ಷೆಯಲ್ಲಿ ಕಂಡುಬಂದರೆ, ಯಾವ ಯಾವ ಬದಲಾವಣೆ ಆಗಬೇಕೆಂಬುದನ್ನು ಲಿಖಿತ ನೋಟೀಸಿನ ಮೂಲಕ ತಿಳಿಸಬೇಕು. ಆ ಕೆಲಸ ಆಗುವ ತನಕ ಕರೆಂಟು ಕೊಡಲು ನಿರಾಕರಿಸಬಹುದು. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳಲ್ಲಿ ಇದ್ದ ಈ ಮಾತು, ಕೇಂದ್ರ ವಿದ್ಯುಚ್ಛಕ್ತಿ ಪ್ರಾಧಿಕಾರದ ಸುರಕ್ಷತಾ ನಿಯಮಾವಳಿಗಳಲ್ಲೂ ಮುಂದುವರಿದು ಬಂದಿದೆ. ಕೊರತೆ ಹೇಳುವ ಅಧಿಕಾರ ಕಚೇರಿಗೆ ಇದೆ, ಆದರೆ ಅದನ್ನು ಬರೆದು ಕೊಡುವ ಹೊಣೆಯೂ ಅದಕ್ಕೇ ಇದೆ. ರೈತ ಇದನ್ನು ದಯೆಯೆಂದು ಬೇಡಬೇಕಾಗಿಲ್ಲ, ಹಕ್ಕೆಂದು ಕೇಳಬಹುದು. ಮರ್ಯಾದೆಯಿಂದ ಕೇಳಿದರೆ ಸಾಕು. ಬಾಯಲ್ಲೇ ಹೇಳಿ ಕಳಿಸಿದರೆ, ‘ತಾವು ಇಂಥ ದಿನ ಇಂಥ ಬದಲಾವಣೆ ಹೇಳಿದ್ದೀರಿ, ದಯವಿಟ್ಟು ಲಿಖಿತವಾಗಿ ಕೊಡಬೇಕು’ ಎಂದು ಅರ್ಜಿ ಬರೆದು, ಕಚೇರಿಯ ಟಪಾಲಿನಲ್ಲಿ ಕೊಟ್ಟು, ನಕಲಿನ ಮೇಲೆ ಮೊಹರು ಹಾಕಿಸಿಕೊಳ್ಳಬೇಕು.

ನೋಟೀಸು ಕೈಗೆ ಬಂದರೆ ಆಗುವ ಲಾಭ ಒಂದೆರಡಲ್ಲ. ಗುತ್ತಿಗೆದಾರ ಅದನ್ನು ನೋಡಿಯೇ ದರ ಹೇಳಬಹುದು. ಇಬ್ಬರು ಗುತ್ತಿಗೆದಾರರಿಂದ ದರ ಕೇಳಿ ಹೋಲಿಸಬಹುದು. ನೋಟೀಸಿನಲ್ಲಿ ಇಲ್ಲದ ಸಾಮಾನನ್ನು ‘ಕಂಪನಿಯ ಕಡ್ಡಾಯ’ ಎಂದು ಹೇಳಿ ಮಾರುವುದು ಆಗದು. ಪರೀಕ್ಷೆಗೆ ಬಂದವರು ಎರಡನೆಯ ಸಲ ಹೊಸ ಕೊರತೆ ಹೇಳಿದರೆ ಅದನ್ನೂ ಬರೆದು ಕೊಡಿರೆಂದು ಕೇಳಬಹುದು. ಹೇಳಿದ ಕೊರತೆ ನ್ಯಾಯವಲ್ಲವೆಂದು ತೋರಿದರೆ ವಿದ್ಯುತ್ ಪರಿವೀಕ್ಷಕರಿಗೆ ಮೇಲ್ಮನವಿ ಮಾಡಿಕೊಳ್ಳುವ ದಾರಿಯೂ ಇದೆ. ಮೇಲ್ಮನವಿಗೂ ಕೈಯಲ್ಲಿ ಕಾಗದ ಇರಬೇಕು.

ಏನೇನು ಬದಲಾಗಬೇಕು ಎಂಬುದರ ಸ್ಥೂಲ ಕಲ್ಪನೆ ರೈತನಿಗೂ ಇದ್ದರೆ ಒಳ್ಳೆಯದು. 5 ಎಚ್.ಪಿ. ಮೋಟಾರು ಪೂರ್ಣ ಭಾರದಲ್ಲಿ ಸುಮಾರು ಏಳೂವರೆ ಆಂಪಿಯರ್ ಎಳೆದರೆ, 7.5 ಎಚ್.ಪಿ. ಸುಮಾರು 11 ಆಂಪಿಯರ್ ಎಳೆಯುತ್ತದೆ. ಆದ್ದರಿಂದ ಸ್ಟಾರ್ಟರಿನ ರಿಲೇ ಮತ್ತು ಫ್ಯೂಸು ಬದಲಾಗಲೇಬೇಕು. ಹಳೆಯ ತಂತಿ ಸಾಕೇ ಎಂದು ನೋಡಬೇಕು. ಕೆಪಾಸಿಟರು ಸಾಮಾನ್ಯವಾಗಿ 5 ಎಚ್.ಪಿ.ಗೆ 2, ಏಳೂವರೆಗೆ 3, ಹತ್ತಕ್ಕೆ 4 ಕೆ.ವಿ.ಎ.ಆರ್. ಇರಬೇಕು. ಮೂರು ಫೇಸಿನ ಮೋಟಾರಿನ ಮೈಗೆ ಬೇರೆ ಬೇರೆಯಾದ ಎರಡು ಅರ್ತಿಂಗ್ ಸಂಪರ್ಕ ಬೇಕು. ಇದು ಕಚೇರಿಯವರ ಕಿರುಕುಳವಲ್ಲ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಸ್ಟಾರ್ಟರು ಒತ್ತುವವನ ಪ್ರಾಣ ಅದರ ಮೇಲಿದೆ. ಮೇಲಿನ ಉದಾಹರಣೆಯ ಗುತ್ತಿಗೆದಾರ ಎರಡನೆಯ ಅರ್ತಿಂಗನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕಾಗಿತ್ತು. ಕಸುಬು ಬಲ್ಲವನಿಗೆ ಅದು ಹೊಸ ಮಾತಲ್ಲ.

ಇನ್ನೊಂದು ಎಚ್ಚರ. ಮಂಜೂರಾತಿಯಿಲ್ಲದೆ ದೊಡ್ಡ ಮೋಟಾರು ಹೂಡಿದರೆ 2003ರ ವಿದ್ಯುಚ್ಛಕ್ತಿ ಕಾಯಿದೆಯ 126ನೆಯ ಕಲಮಿನಂತೆ ಅನಧಿಕೃತ ಬಳಕೆಯೆಂದು ಎರಡು ಪಟ್ಟು ದರದ ಬಿಲ್ಲು ಬರಬಹುದು. 10 ಎಚ್.ಪಿ. ದಾಟಿದರೆ ಉಚಿತ ಕರೆಂಟಿನ ಸೌಲಭ್ಯವೇ ತಪ್ಪುತ್ತದೆ. ‘ಒಂದು ಸೈಜು ದೊಡ್ಡದೇ ಇರಲಿ’ ಎಂಬ ಸಲಹೆಗೆ ಒಪ್ಪುವ ಮೊದಲು ಇದನ್ನು ನೆನೆಯಬೇಕು.

ಕೆಲಸಕ್ಕೆ ಬಂದವನು ಯಾರು?

ಬಲ್ಬು, ಫ್ಯಾನು, ಫ್ಯೂಸು ಬದಲಿಸುವಂಥ ಚಿಲ್ಲರೆ ಕೆಲಸ ಬಿಟ್ಟರೆ ಉಳಿದ ವೈರಿಂಗು ಕೆಲಸವನ್ನು ಸರ್ಕಾರದಿಂದ ಲೈಸೆನ್ಸು ಪಡೆದ ಗುತ್ತಿಗೆದಾರನೇ ಮಾಡಬೇಕು. ಅದೂ ಅರ್ಹತಾ ಪತ್ರವುಳ್ಳ ಮೇಲ್ವಿಚಾರಕನ ಕಣ್ಣೆದುರಿನಲ್ಲಿ ಆಗಬೇಕು. ಹಳ್ಳಿಗಳಲ್ಲಿ ನಡೆಯುವುದು ಅನೇಕ ವೇಳೆ ಬೇರೆ. ಕೈಕೆಲಸ ಬಲ್ಲ ಹುಡುಗ ಬೋರ್ಡು ಕೂರಿಸುತ್ತಾನೆ, ದೂರದ ಪೇಟೆಯಲ್ಲಿರುವ ಲೈಸೆನ್ಸುದಾರನೊಬ್ಬ ವರದಿಗೆ ಸಹಿ ಹಾಕುತ್ತಾನೆ. ಹಣ ಪಡೆದವನೊಬ್ಬ, ಸಹಿ ಮಾಡಿದವನೊಬ್ಬ. ಜಗಳ ಬಂದಾಗ ಹುಡುಗ ‘ಸಹಿ ನನ್ನದಲ್ಲ’ ಎನ್ನುತ್ತಾನೆ, ಲೈಸೆನ್ಸುದಾರ ‘ಹಣ ನನಗೆ ಬಂದಿಲ್ಲ’ ಎನ್ನುತ್ತಾನೆ.

ಹುಡುಗನ ಕೈಚಳಕವನ್ನು ನಾವು ಹಳಿಯುತ್ತಿಲ್ಲ. ಊರಿನಲ್ಲಿ ರಾತ್ರಿ ಕರೆದರೆ ಬರುವವನು ಅವನೇ. ಆದರೆ ಬಿಲ್ಲು ಕೊಡುವವನು, ಹಣ ಪಡೆಯುವವನು, ಕೆಲಸ ಮುಗಿದ ವರದಿಗೆ ಸಹಿ ಮಾಡುವವನು ಒಬ್ಬನೇ ಇರಬೇಕು. ಮುಂಗಡ ಕೊಡುವ ಮೊದಲು ಲೈಸೆನ್ಸಿನ ನಂಬರನ್ನೂ ಅದು ಯಾವ ತಾರೀಖಿನ ತನಕ ಚಾಲ್ತಿಯಲ್ಲಿದೆ ಎಂಬುದನ್ನೂ ಬರೆದುಕೊಳ್ಳಬೇಕು. ಲೈಸೆನ್ಸು ತೋರಿಸಲು ಹಿಂದೆ ಮುಂದೆ ನೋಡುವವನ ಕೈಗೆ ಹಣ ಕೊಡುವುದು ಜಾಣತನವಲ್ಲ.

ಗುತ್ತಿಗೆದಾರನ ಕಷ್ಟವೂ ಉಂಟು

ಇಷ್ಟು ಹೇಳಿ ನಿಲ್ಲಿಸಿದರೆ ನ್ಯಾಯ ಏಕಪಕ್ಷೀಯವಾಗುತ್ತದೆ. ಗುತ್ತಿಗೆದಾರನೂ ಬಹುಪಾಲು ನಮ್ಮ ಸೀಮೆಯವನೇ. ಶಿರಾಳಕೊಪ್ಪದಲ್ಲೋ, ಆನವಟ್ಟಿಯಲ್ಲೋ, ಶಿವಮೊಗ್ಗದಲ್ಲೋ ಅಂಗಡಿಯಿಂದ ಸಾಮಾನನ್ನು ಉದ್ರಿ ತಂದಿರುತ್ತಾನೆ. ಕೆಲಸದಾಳುಗಳ ಕೂಲಿಯನ್ನು ಆಯಾ ವಾರವೇ ಕೊಡಬೇಕು. ರೈತನೋ ‘ಅಡಿಕೆ ಮಾರಿದ ಮೇಲೆ ನೋಡೋಣ’, ‘ಜೋಳದ ಹಣ ಬರಲಿ’ ಎನ್ನುತ್ತಾನೆ. ಕರೆಂಟು ಬಂದು ನೀರು ಹರಿದ ಮರುದಿನದಿಂದ ಕೆಲವರಿಗೆ ಗುತ್ತಿಗೆದಾರನ ಮುಖದ ಗುರುತೇ ಮರೆತುಹೋಗುತ್ತದೆ. ಕೆಲಸದ ನಡುವೆ ‘ಹಾಗೆಯೇ ಕೊಟ್ಟಿಗೆಗೊಂದು ಲೈಟು, ಅಂಗಳಕ್ಕೊಂದು ಲೈಟು’ ಎಂದು ಹೇಳಿ ಮಾಡಿಸಿಕೊಂಡು, ಕೊನೆಗೆ ‘ಅದೂ ಅದರಲ್ಲೇ ಸೇರಿತ್ತು’ ಎನ್ನುವವರೂ ಇದ್ದಾರೆ. ಕೊಳವೆ ಬಾವಿ ಬತ್ತಿದರೆ ಬೋರ್ಡಿನ ಹಣ ಕೊಡದಿರುವುದೂ ಉಂಟು. ಬಾವಿ ಬತ್ತಿದ್ದು ಗುತ್ತಿಗೆದಾರನ ತಪ್ಪಲ್ಲ. ನೀರಿನ ಇಳುವರಿಯನ್ನು ಒಂದೆರಡು ದಿನ ಪರೀಕ್ಷಿಸಿ ನೋಡಿದ ಮೇಲೆಯೇ ಬೋರ್ಡಿನ ಸಾಮಾನಿಗೆ ಹೇಳುವುದು ಲೇಸು.

ಆದರೆ ಬಾಕಿ ಬರಲಿಲ್ಲವೆಂದು ಫ್ಯೂಸು ಕಿತ್ತುಕೊಂಡು ಹೋಗುವ, ಸ್ಟಾರ್ಟರು ಬಿಚ್ಚುವ ಅಧಿಕಾರ ಗುತ್ತಿಗೆದಾರನಿಗೆ ಇಲ್ಲ. ಅವನ ಬಾಕಿಗಾಗಿ ಕಂಪನಿಯವರು ಸಂಪರ್ಕ ಕಡಿಯುವಂತೆಯೂ ಇಲ್ಲ. ಹಣ ಬಾಕಿಯೆಂದು ಕಂಪನಿಯವರು ಕರೆಂಟು ಕಡಿಯಬಹುದಾದದ್ದು ಕಂಪನಿಗೇ ಸಲ್ಲಬೇಕಾದ ಬಾಕಿಗೆ ಮಾತ್ರ. ಅದಕ್ಕೂ 15 ದಿನಗಳ ಲಿಖಿತ ನೋಟೀಸು ಬೇಕು. ‘ಲೈನ್‌ಮನ್‌ಗೆ ಹೇಳಿ ಕರೆಂಟು ತೆಗೆಸುತ್ತೇನೆ’ ಎಂಬ ಬೆದರಿಕೆಗೆ ಬೆಲೆ ಕೊಡಬೇಕಾಗಿಲ್ಲ. ಹಾಗೆಯೇ ವರದಿ ಸಿಗಲಿಲ್ಲವೆಂದು ರೈತ ತಾನೇ ಕಂಬ ಹತ್ತುವುದು, ಕೊಕ್ಕೆ ಹಾಕುವುದು ಪ್ರಾಣಕ್ಕೂ ಕೇಡು, ಕಾನೂನಿಗೂ ವಿರುದ್ಧ. ಹದಿನೈದು ಸಾವಿರದ ಜಗಳಕ್ಕೆ ಒಂದು ಜೀವ ಹೋದರೆ ಆ ಮನೆಗೆ ಗತಿ ಯಾರು?

ಒಂದು ಹಾಳೆಯ ಒಪ್ಪಂದ

ಎರಡು ಕಡೆಗೂ ರಕ್ಷಣೆ ಕೊಡುವುದು ಒಂದು ಹಾಳೆಯ ಬರಹ. ಇದಕ್ಕೆ ವಕೀಲರೇ ಬೇಕೆಂದಿಲ್ಲ. ಹೈಸ್ಕೂಲು ಓದಿದ ಮನೆಯ ಮಕ್ಕಳು ಬರೆಯಬಲ್ಲರು. ಮೊತ್ತ ದೊಡ್ಡದಾದರೆ ಛಾಪಾ ಕಾಗದದ ಮೇಲೆ ಬರೆಸುವುದು ಒಳ್ಳೆಯದು. ಅದರಲ್ಲಿ ಇರಬೇಕಾದ ಅಂಶಗಳು ಇವು:

1. ದಿನಾಂಕ, ಗ್ರಾಮ, ಸರ್ವೆ ನಂಬರು, ಇದ್ದರೆ ಆರ್.ಆರ್. ನಂಬರು, ರೈತನ ಹೆಸರು, ಗುತ್ತಿಗೆದಾರನ ಹೆಸರು, ಲೈಸೆನ್ಸ್ ನಂಬರು.

2. ಯಾವ ನೋಟೀಸಿನ ಅಥವಾ ಯಾವ ಅಂದಾಜು ಪಟ್ಟಿಯ ಪ್ರಕಾರ ಕೆಲಸ ಎಂಬುದು, ಅದರ ತಾರೀಖಿನೊಡನೆ.

3. ಸಾಮಾನಿನ ಪಟ್ಟಿ: ಯಾವ ತಯಾರಿಕೆ, ಎಷ್ಟು ಆಂಪಿಯರು, ಎಷ್ಟು ಮೀಟರು, ಐ.ಎಸ್.ಐ. ಗುರುತು ಇದೆಯೇ. ‘ಎಲ್ಲ ಸೇರಿ’ ಎಂಬ ಮಾತು ಬೇಡ. ಅರ್ತಿಂಗು ಎಷ್ಟು ಎಂಬುದು ಬೇರೆಯಾಗಿ ಬರಲಿ.

4. ಸಾಮಾನಿನ ಬೆಲೆ ಬೇರೆ, ಕೂಲಿ ಬೇರೆ, ಜಿ.ಎಸ್.ಟಿ. ಸೇರಿದೆಯೇ ಇಲ್ಲವೇ. ಕಂಪನಿಗೆ ಕಟ್ಟುವ ಹಣ ಇದರಲ್ಲಿ ಸೇರಿಲ್ಲ ಎಂಬ ಮಾತು.

5. ಪರೀಕ್ಷೆಯಲ್ಲಿ ಕೆಲಸದ ದೋಷ ಕಂಡುಬಂದರೆ ಗುತ್ತಿಗೆದಾರನೇ ತನ್ನ ಖರ್ಚಿನಲ್ಲಿ ಸರಿಪಡಿಸುವುದು. ಪಟ್ಟಿಯಲ್ಲಿ ಇಲ್ಲದ ಹೊಸ ಕೆಲಸವನ್ನು ಕಚೇರಿಯವರು ಬರೆದು ಕೇಳಿದರೆ ರೈತ ಕೊಡುವುದು. ರೈತ ಹೊಸದಾಗಿ ಹೇಳಿದ ಕೆಲಸಕ್ಕೆ ದರವನ್ನು ಮೊದಲೇ ಬರೆದು ಇಬ್ಬರೂ ಸಹಿ ಮಾಡುವುದು.

6. ಹಣದ ಕಂತುಗಳು ಮತ್ತು ಮುಗಿಸುವ ತಾರೀಖು.

ಕಂತಿನ ವಿಷಯದಲ್ಲಿ ನಮ್ಮ ಸೂಚನೆ ಇದು. ಸಾಮಾನು ತೋಟಕ್ಕೆ ಬಂದು ಇಳಿದಾಗ 100ಕ್ಕೆ 40. ಕೆಲಸ ಮುಗಿದು ವರದಿಗೆ ಸಹಿಯಾಗಿ ಕಚೇರಿಗೆ ಸಂದ ದಿನ ಇನ್ನು 40. ಕರೆಂಟು ಬಂದು ಮೋಟಾರು ಓಡಿದ ಒಂದು ವಾರದೊಳಗೆ ಉಳಿದ 20. ಹೀಗಾದರೆ ಗುತ್ತಿಗೆದಾರನ ಸಾಮಾನಿನ ಬೆಲೆ ಬಹುಮಟ್ಟಿಗೆ ಮೊದಲೇ ಕೈಸೇರುತ್ತದೆ. ವರದಿಯನ್ನು ಹಿಡಿದಿಟ್ಟುಕೊಳ್ಳುವುದರಿಂದ ಅವನಿಗೇ ನಷ್ಟ. ರೈತನ ಕೈಯಲ್ಲೂ ಕೊನೆಯ ಕಂತು ಉಳಿದಿರುತ್ತದೆ. ನಗದು ಕೊಡುವುದಕ್ಕಿಂತ ಬ್ಯಾಂಕಿನ ಮೂಲಕವೋ ಫೋನಿನ ಮೂಲಕವೋ ಹಣ ಕಳಿಸುವುದು ಮೇಲು, ಅದಕ್ಕೆ ಗುರುತು ಉಳಿಯುತ್ತದೆ. ನಗದೇ ಕೊಟ್ಟರೆ ಒಪ್ಪಂದದ ಹಿಂಬದಿಯಲ್ಲೇ ಬರೆಸಿ ಸಹಿ ಮಾಡಿಸಿಕೊಳ್ಳಬೇಕು.

ಕೆಲಸ ಮುಗಿದಾಗ ಮೆಗ್ಗರ್ ಪರೀಕ್ಷೆಯನ್ನು ರೈತನೂ ನಿಂತು ನೋಡಬೇಕು. 500 ವೋಲ್ಟ್ ಒತ್ತಡದಲ್ಲಿ ತಂತಿಯ ಹೊದಿಕೆಯ ನಿರೋಧ ಕನಿಷ್ಠ 1 ಮೆಗ್‌ಓಮ್ ಬರಬೇಕೆಂಬುದು ನಿಯಮ. ಅಂಕಿಯನ್ನು ವರದಿಯಲ್ಲಿ ಬರೆದದ್ದು ಕಂಡು, ವರದಿಯ ಮತ್ತು ವೈರಿಂಗು ನಕ್ಷೆಯ ಒಂದೊಂದು ನಕಲನ್ನು ಮನೆಯಲ್ಲಿಟ್ಟುಕೊಳ್ಳಬೇಕು.

ಯಾವ ಜಗಳಕ್ಕೆ ಯಾವ ಬಾಗಿಲು?

ಇಷ್ಟೆಲ್ಲ ಮಾಡಿಯೂ ಜಗಳ ಬರಬಹುದು. ಆಗ ತಪ್ಪು ಬಾಗಿಲು ತಟ್ಟಿ ಕಾಲ ಕಳೆಯುವವರೇ ಹೆಚ್ಚು. ಗುತ್ತಿಗೆದಾರನ ಮೇಲಿನ ದೂರನ್ನು ಮೆಸ್ಕಾಂ ಕಚೇರಿಗೆ ಕೊಟ್ಟರೆ ‘ಅದು ನಿಮ್ಮಿಬ್ಬರ ವ್ಯವಹಾರ’ ಎಂಬ ಉತ್ತರ ಬರುತ್ತದೆ. ಉತ್ತರ ಒರಟಾಗಿ ಕಂಡರೂ ಹಣದ ಮಟ್ಟಿಗೆ ಅದು ಸರಿಯೇ.

ಸಂಪರ್ಕ ಕೊಡಲು ವಿಳಂಬ, ನೋಟೀಸು ಬರೆದು ಕೊಡದಿರುವುದು, ರಶೀತಿಯಿಲ್ಲದ ವಸೂಲಿ ಮುಂತಾಗಿ ದೂರು ಕಂಪನಿಯ ಮೇಲಿದ್ದರೆ ಮೊದಲು 1912ಕ್ಕೆ ಮತ್ತು ಉಪವಿಭಾಗ ಕಚೇರಿಗೆ ತಿಳಿಸಿ, ಆಮೇಲೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ಹೋಗಬೇಕು. ಅಲ್ಲಿಯೂ ಸಮಾಧಾನವಾಗದಿದ್ದರೆ ವಿದ್ಯುತ್ ಓಂಬುಡ್ಸ್‌ಮನ್ ಇದ್ದಾರೆ. ಎರಡನ್ನೂ 2003ರ ಕಾಯಿದೆಯ 42ನೆಯ ಕಲಮು ಕೊಟ್ಟಿದೆ. ಹೊಸ ಲೈನು ಎಳೆಯಬೇಕಾಗಿಲ್ಲದ ಕಡೆ ಗ್ರಾಮೀಣ ಸಂಪರ್ಕಕ್ಕೆ 2020ರ ಗ್ರಾಹಕ ಹಕ್ಕುಗಳ ನಿಯಮಗಳು 30 ದಿನ ಗೊತ್ತುಮಾಡಿದ್ದವು. 2024ರ ತಿದ್ದುಪಡಿ ಅದನ್ನು 15 ದಿನಕ್ಕೆ ಇಳಿಸಿ, ಗುಡ್ಡಗಾಡಿನ ಹಳ್ಳಿಗಳಿಗೆ ಮಾತ್ರ 30 ದಿನ ಉಳಿಸಿತು.

ಕೆಲಸ ಕಳಪೆ, ಮುಂಗಡ ಪಡೆದು ಬರಲಿಲ್ಲ, ವರದಿ ಕೊಡುತ್ತಿಲ್ಲ ಎಂದು ದೂರು ಗುತ್ತಿಗೆದಾರನ ಮೇಲಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗಬಹುದು. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆ ತಾನೇ ವಾದಿಸಬಹುದು. ತೊಂದರೆಯಾದ 2 ವರ್ಷದೊಳಗೆ ಹೋಗಬೇಕು ಎಂಬುದನ್ನು ಮರೆಯಬಾರದು. ರೈತ ವ್ಯಾಪಾರಿಯಲ್ಲವೇ, ಗ್ರಾಹಕನಾಗುವನೇ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟು ಬಿತ್ತನೆ ಬೀಜದ ಮೊಕದ್ದಮೆಯೊಂದರಲ್ಲಿ 2012ರಲ್ಲಿಯೇ ರೈತನ ಪರವಾಗಿ ಉತ್ತರ ಕೊಟ್ಟಿದೆ. ಸಲಹೆಗೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ಲೈಸೆನ್ಸಿಲ್ಲದ ಕೆಲಸ, ಅಪಾಯಕಾರಿ ಕೆಲಸ, ಎರವಲು ಸಹಿ ಇವುಗಳ ದೂರು ವಿದ್ಯುತ್ ಪರಿವೀಕ್ಷಣಾಲಯಕ್ಕೆ.

ಗುತ್ತಿಗೆದಾರನ ಬಾಕಿ ಬರದಿದ್ದರೆ ಅವನಿಗೂ ದಾರಿಯಿದೆ. ಕೆಲಸ ಮುಗಿಸಿದ 3 ವರ್ಷದೊಳಗೆ ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದು. ಅದಕ್ಕಿಂತ ಹತ್ತಿರದ ದಾರಿ ತಾಲ್ಲೂಕು ಕಾನೂನು ಸೇವಾ ಸಮಿತಿ. ದಾವೆ ಹೂಡುವ ಮೊದಲೇ ಅಲ್ಲಿ ಅರ್ಜಿ ಕೊಟ್ಟು ಇಬ್ಬರನ್ನೂ ಲೋಕ ಅದಾಲತ್ತಿನಲ್ಲಿ ಕೂರಿಸಬಹುದು. ಕೋರ್ಟು ಶುಲ್ಕವಿಲ್ಲ. ರಾಜಿಯಾದರೆ ಅದು ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ನಲವತ್ತು ಸಾವಿರದ ವ್ಯವಹಾರಕ್ಕೆ ವರ್ಷಗಟ್ಟಲೆ ಅಲೆಯುವುದಕ್ಕಿಂತ ಇಬ್ಬರಿಗೂ ಇದು ಹಿತ.

ಕಚೇರಿಯವರು ಮಾಡಬೇಕಾದದ್ದು

ಎಲ್ಲ ಎಚ್ಚರವನ್ನೂ ರೈತನ ತಲೆಗೇ ಕಟ್ಟುವುದು ಸರಿಯಲ್ಲ. ಬೋರ್ಡು ಬದಲಿಸಿರೆಂದು ಹೇಳುವವರು ಕಂಪನಿಯವರು. ಆ ಮಾತಿನಿಂದ ಹುಟ್ಟುವ ಜಗಳದಲ್ಲಿ ತಮಗೇನೂ ಸಂಬಂಧವಿಲ್ಲವೆಂದು ಅವರು ಕೈತೊಳೆದುಕೊಳ್ಳಲಾಗದು. ಮೂರು ಕೆಲಸ ಅವರು ಸುಲಭವಾಗಿ ಮಾಡಬಹುದು. 5, 7.5 ಮತ್ತು 10 ಎಚ್.ಪಿ. ಪಂಪ್‌ಸೆಟ್ಟಿಗೂ ಮನೆ ಸಂಪರ್ಕಕ್ಕೂ ಏನೇನು ಬೇಕೆಂಬುದನ್ನು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿ ಪ್ರತಿ ಸೆಕ್ಷನ್ ಕಚೇರಿಯ ಗೋಡೆಗೆ ಹಾಕಲಿ. ಚಾಲ್ತಿ ಲೈಸೆನ್ಸುಳ್ಳ ಗುತ್ತಿಗೆದಾರರ ಪಟ್ಟಿಯನ್ನು ಅದರ ಪಕ್ಕದಲ್ಲೇ ತೂಗಹಾಕಲಿ. ಪರೀಕ್ಷೆಗೆ ಹೋದವರು ಎರಡು ಪ್ರತಿಯ ಪುಸ್ತಕವೊಂದನ್ನು ಒಯ್ದು, ಕೊರತೆಯನ್ನು ಅಲ್ಲಿಯೇ ಬರೆದು ಒಂದು ಪ್ರತಿಯನ್ನು ರೈತನ ಕೈಗೆ ಕೊಟ್ಟು ಬರಲಿ. ಇದಕ್ಕೆ ಹೊಸ ಕಾನೂನೂ ಬೇಡ, ಹೆಚ್ಚಿನ ಹಣವೂ ಬೇಡ. ಮುಂದಿನ ಜನಸಂಪರ್ಕ ಸಭೆಗೆ ಹೋಗುವ ರೈತರು ಈ ಮೂರನ್ನೂ ಒಂದೇ ಧ್ವನಿಯಲ್ಲಿ ಕೇಳಲಿ. ಗ್ರಾಮ ಪಂಚಾಯತಿಗಳೂ ಸಹಕಾರ ಸಂಘಗಳೂ ಒಪ್ಪಂದದ ಮಾದರಿ ಹಾಳೆಯನ್ನು ಅಚ್ಚು ಹಾಕಿಸಿ ಇಟ್ಟುಕೊಂಡರೆ ಎಷ್ಟೋ ಜನಕ್ಕೆ ಉಪಕಾರವಾದೀತು.

ಕೆರೆಯ ತೂಬಿಗೆ ಸರದಿ ಗೊತ್ತುಮಾಡಿದ ಹಿರಿಯರು ಯಾರ ಮೇಲೂ ಅನುಮಾನಪಟ್ಟು ಹಾಗೆ ಮಾಡಲಿಲ್ಲ. ನೆರೆಹೊರೆಯವರು ನೆರೆಹೊರೆಯವರಾಗಿಯೇ ಉಳಿಯಲೆಂದು ಮಾಡಿದರು. ಕರೆಂಟಿನ ಲೆಕ್ಕಕ್ಕೂ ಅದೇ ಮಾತು. ಒಪ್ಪಂದ ಬರೆಸಿಕೊಳ್ಳುವುದರಲ್ಲಿ ಗುತ್ತಿಗೆದಾರನಿಗೆ ಅವಮಾನವಿಲ್ಲ, ಬರೆದು ಕೊಡುವುದರಲ್ಲಿ ನಷ್ಟವೂ ಇಲ್ಲ. ಈ ವರ್ಷ ಬೋರ್ಡಿನ ಕೆಲಸ ಇಟ್ಟುಕೊಂಡಿರುವ ರೈತ ಬಾಂಧವರು ಮುಂಗಡ ಎಣಿಸುವ ಮೊದಲು ಕಚೇರಿಯ ನೋಟೀಸು, ಕಂಪನಿಯ ರಶೀತಿ, ಗುತ್ತಿಗೆದಾರನ ಬರಹ ಮೂರೂ ಇವೆಯೇ ಎಂದು ನೋಡಿಕೊಳ್ಳಲಿ. ಬೇಸಿಗೆ ಬರುವ ಮೊದಲೇ ಈ ಕೆಲಸ ಮುಗಿಸಿಕೊಳ್ಳುವುದು ಇನ್ನೂ ಒಳ್ಳೆಯದು. ತೋಟ ಒಣಗುವಾಗ ಚೌಕಾಶಿ ಮಾಡುವ ಶಕ್ತಿ ಯಾವ ರೈತನಿಗೂ ಇರುವುದಿಲ್ಲ.